ನವನೀತನ್ ಇಲ್ಲದ ಫ್ಯಾಕ್ಟರಿ

ಎಲ್ಲ ಕೆಟ್ಟದ್ದು ಒಂದೇ ಒಂದು ಮಾತಿನಿಂದ. ಆ ಮಾತನ್ನು ನವನೀತನ್ ಹದಿನಾಲ್ಕು ವರ್ಷದಿಂದ ಆಡಿಕೊಂಡು ಬಂದಿದ್ದ, ಕೇಳಿದವರೆಲ್ಲ ತಲೆದೂಗಿದ್ದರು. ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ ಅದನ್ನೇ, ಬಟ್ಟೆ ಕೊಳ್ಳುವ ಕಂಪನಿಯ ಪರವಾಗಿ ಫ್ಯಾಕ್ಟರಿ ತಪಾಸಣೆಗೆಂದು ಜರ್ಮನಿಯಿಂದ ಬಂದ ಹೈಕೆ ಮೇಡಂ ಮುಂದೆ ಆಡಿಬಿಟ್ಟ.

ನವನೀತನ್ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಪ್ರೊಡಕ್ಷನ್ ಮ್ಯಾನೇಜರ್. ಅದರ ಮಾಲೀಕರು, ಎಲ್ಲರ ಬಾಯಲ್ಲೂ 'ಮೊದಲಾಳಿ' ಆದ ಜಯರಾಮನ್, ಸೋಮನೂರಿನಲ್ಲಿ ಎಂಟು ಮಗ್ಗ ಇಟ್ಟುಕೊಂಡಿದ್ದ ಕನ್ನಡದ ಮನೆಯಿಂದ ಮೇಲೆ ಬಂದವರು. ಆಫೀಸಿನ ತುಂಬ ಅವರ ಕಡೆಯವರೇ, ಹಾಗಾಗಿ ಮಿಷನ್ನಿನ ಹತ್ತಿರ ತಮಿಳು, ಆಫೀಸಿನೊಳಗೆ ಮನೆಯ ಕನ್ನಡ. ಈಗ ಪೊಳ್ಳಾಚಿ ರಸ್ತೆಯಲ್ಲಿ ಹೊಸ ಯೂನಿಟ್ ಏಳುತ್ತಿತ್ತು, ಅದಕ್ಕೊಬ್ಬ ಜನರಲ್ ಮ್ಯಾನೇಜರ್ ಬೇಕಾಗಿತ್ತು.

"ಆ ಜರ್ಮನಿಯಮ್ಮ ನಮ್ ಮ್ಯಾನೇಜ್‌ಮೆಂಟ್ ಚೆನ್ನಾಗೈತೆ ಅಂತ ರಿಪೋರ್ಟ್ ಬರೀಲಿ, ಕುರ್ಚಿ ನಿಂದೇ" ಎಂದು ಮೊದಲಾಳಿ ಮಾತು ಕೊಟ್ಟಿದ್ದರು. ನವನೀತನ್ ಹೆಂಡತಿ ಗೋಕಿಲಾ ಆ ಕುರ್ಚಿಯ ಸುದ್ದಿಯನ್ನು ಗಾಂಧಿಪುರಂನ ಅಕ್ಕನವರೆಗೂ ಮುಟ್ಟಿಸಿ ಆಗಿತ್ತು.

"ನೀವು ಒಂದು ದಿನ ಬರದಿದ್ದರೆ ಇಲ್ಲಿ ಏನಾಗುತ್ತದೆ?" ಇದು ಹೈಕೆ ಕೇಳಿದ ಮೊದಲ ಪ್ರಶ್ನೆ.

ನವನೀತನ್ ಎದೆ ಉಬ್ಬಿತು. "ನಾನಿಲ್ಲಾಂದ್ರೆ ಈ ಫ್ಯಾಕ್ಟರಿ ಓಡೋದೇ ಇಲ್ಲ! ನಾಲ್ಕು ವರ್ಷದಿಂದ ಒಂದು ರಜೆ ಹಾಕಿಲ್ಲ. ತಂಗಿ ಮದುವೇಲೂ ಒಂದು ಕೈಲಿ ಅಕ್ಷತೆ, ಒಂದು ಕೈಲಿ ಫೋನು. ಹೇಳಮ್ಮಾ ಅಭಿನಯಾ, ಇಂಗ್ಲಿಷ್ನಾಗೆ ಹೇಳು!"

ಬೈಯರ್‌ಗಳ ಮೇಲ್ ನೋಡಿಕೊಳ್ಳುವ ಅಭಿನಯಾ ಒಂದಕ್ಷರ ಬಿಡದೆ ಹೇಳಿದಳು. ಹೈಕೆ ಕೆಂಪು ಪೆನ್ನು ತೆಗೆದು ಏನೋ ಬರೆದುಕೊಂಡಳು.

"ಅಣ್ಣಾ, 'ದೊಡ್ಡ ಅಪಾಯ' ಅಂತ ಬರ್ದವ್ರೆ. ಎರಡು ಗೆರೆ ಬೇರೆ ಹಾಕವ್ರೆ" ಎಂದು ಅಭಿನಯಾ ಹೊರಗೆ ಬಂದು ಪಿಸುಗುಟ್ಟಿದಳು.

ನವನೀತನ್ ಬೆವರೊರೆಸಿಕೊಳ್ಳುತ್ತ ಸ್ಟೋರ್ ರೂಮಿಗೆ ಓಡಿದ. ಸ್ಟೋರ್ ನೋಡುವ ಹರಿಹರನ್ ಮಾಮ ಎಲ್ಲ ದೇಶದ ಬೈಯರ್‌ಗಳಿಗೂ ಟೀ ಕುಡಿಸಿದ ಮನುಷ್ಯ.

"ಅಯ್ಯೋ ಪೆದ್ದೇ! ಹೋದ್ವರ್ಷ ನೀನು ಬಗ್ಗಿ ಒಂದು ನೂಲು ತುಂಡು ಎತ್ತಿದ್ದಕ್ಕೆ ಜಪಾನ್ನೋರು ನಿಂಗೇ ಬಗ್ಗಿದ್ರು. ಇಟಲಿಯೋರು ನಿನ್ ಚಪ್ಲಿ ನೋಡಿ ಮುಖ ಸಿಂಡರಿಸಿದ್ರು. ಅಮೆರಿಕದೋರು ಏನು ಕೇಳಿದ್ರೂ ನಕ್ಕೊಂಡು ಆಗುತ್ತೆ ಅನ್ನಬೇಕು. ನಮ್ ಮೊದಲಾಳಿಗೆ ನೀನು ಬೆವ್ರು ಸುರಿಸ್ಕೊಂಡು ಕಿರುಚ್ತಾ ಇರಬೇಕು. ಜರ್ಮನಿ ಲೆಕ್ಕವೇ ಬೇರೆ ಕಣೋ. ಮ್ಯಾನೇಜರ್ ಮನೇಲಿ ಮಲಗಿದ್ರೂ ಕೆಲ್ಸ-ವೇಲೆ ಎಲ್ಲಾ ನಡೀಬೇಕು. ಅಂಗೆ ನಡೆಸೋನೇ ಅಲ್ಲಿ ಮ್ಯಾನೇಜರು."

ನವನೀತನ್ ಬಂದ ದಾರಿಯಲ್ಲೇ ವಾಪಸು ಓಡಿದ. "ಮೇಡಂ, ಆಗ್ಲೇ ತಮಾಷೆಗೆ ಹೇಳ್ದೆ. ನಿಜ ಏನಂದ್ರೆ ನಾನು ಇಲ್ಲಿ ಏನೂ ಮಾಡೋದೇ ಇಲ್ಲ!"

ಹೈಕೆ ಮೊದಲ ಸಲ ನಕ್ಕಳು. ನಕ್ಕು ಕೈ ಚಾಚಿದಳು. "ಹಾಗಾದ್ರೆ ಫೋನ್ ಕೊಡಬೇಕಂತೆ" ಎಂದಳು ಅಭಿನಯಾ. "ಐದು ಗಂಟೆವರೆಗೂ ಕ್ಯಾಂಟೀನ್ನಾಗೆ ಕೂತಿರಬೇಕಂತೆ. ಒಳಗೆ ಕಾಲಿಡಬಾರ್ದಂತೆ." ನವನೀತನ್ ಜೇಬಿನಲ್ಲಿದ್ದ ಮೂರು ಫೋನೂ ಹೈಕೆಯ ಚೀಲ ಸೇರಿದವು.

ಕ್ಯಾಂಟೀನಿನ ಜಾನಮ್ಮ ಕಣ್ಣರಳಿಸಿದಳು. "ಏನ್ ಸಾಮಿ, ಹತ್ತು ಗಂಟೆಗೇ ಕೂತ್ಬಿಟ್ರಿ? ವೇಲೆ ಬಿಡಿಸಿದ್ರಾ?"

"ಇಲ್ಲ ತಾಯಿ. ಇವತ್ತು ಕೂತಿರೋದೇ ನನ್ ವೇಲೆ."

ಜಾನಮ್ಮ ಅಯ್ಯೋ ಪಾಪ ಎಂದು ಒಂದು ವಡೆ ಜಾಸ್ತಿ ಹಾಕಿದಳು. ಸುದ್ದಿ ಟೀ ಕೆಟಲ್ಲಿನ ಜೊತೆ ಊರೆಲ್ಲ ಸುತ್ತಿತು. ಹನ್ನೆರಡೂವರೆಗೆ ಆಟೋದಿಂದ ಗೋಕಿಲಾ ಇಳಿದಳು, ಕಣ್ಣೆಲ್ಲ ಕೆಂಪು. "ಫೋನ್ ಕೂಡ ಕಿತ್ಕೊಂಡ್ರಂತೆ! ಏನು ತಪ್ಪು ಮಾಡಿದ್ರಿ? ಹೋಗಿ ಮೊದಲಾಳಿ ಕಾಲಿಗೆ ಬೀಳಿ!" ಜರ್ಮನಿಯವರ ಪದ್ಧತಿಯನ್ನು ಅವನು ಎಷ್ಟು ವಿವರಿಸಿದರೂ ಅವಳು ನಂಬಲಿಲ್ಲ. ಕಡೆಗೆ ಅವಳೂ ಪಕ್ಕದಲ್ಲೇ ಕೂತಳು.

ಕ್ಯಾಂಟೀನಿನ ಕಿಟಕಿಯಿಂದ ನೋಡುತ್ತಿದ್ದಂತೆ ಒಳಗೆ ಕರೆಂಟು ಹೋಯಿತು. ನವನೀತನ್ ಎದ್ದು ನಿಲ್ಲುವಷ್ಟರಲ್ಲಿ ಜನರೇಟರ್ ಗುಡುಗಿತು. ಡೈಯಿಂಗ್‌ನಿಂದ ಬಂದ ಬಟ್ಟೆಯ ಬಣ್ಣ ತಪ್ಪಾಗಿತ್ತು. ಅವನಾಗಿದ್ದರೆ ಒಂದು ಗಂಟೆ ಕಿರುಚಾಡಿ ವ್ಯಾನ್ ವಾಪಸು ಕಳಿಸುತ್ತಿದ್ದ. ಸೂಪರ್‌ವೈಸರ್ ಕಣ್ಣಮ್ಮ ಎರಡು ಮಾತಿನಲ್ಲಿ ಕಳಿಸಿದಳು. ನವನೀತನ್‌ಗೆ ಮೊದಲು ಸಮಾಧಾನವಾಯಿತು, ಆಮೇಲೆ ಹೊಟ್ಟೆ ಉರಿಯಿತು. ಒಂದಾದರೂ ಕೆಡಬಾರದೇ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ. ಏನೂ ಕೆಡಲಿಲ್ಲ. ಹದಿನಾಲ್ಕು ವರ್ಷ ಗಂಟಲು ಹರಿದುಕೊಂಡದ್ದೆಲ್ಲ ಯಾರಿಗೋಸ್ಕರ ಎಂದು ಅವನಿಗೆ ನಿಜಕ್ಕೂ ನೋವಾಯಿತು.

ಮೂರು ಗಂಟೆಗೆ ಕಿಟಕಿಯಲ್ಲಿ ಕಂಡದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ನೀಲಿ ತೋಳಿಗೆ ಬಿಳೀ ನೂಲು ಹಾಕಿ ಹೊಲಿಯುತ್ತಿದ್ದಾರೆ! ಗೋಕಿಲಾ ಹಿಡಿದ ಅಂಗಿಯನ್ನು ಬಿಡಿಸಿಕೊಂಡು ಒಳನುಗ್ಗಿದ. "ನಿಲ್ಸಿ! ಎಲ್ಲಾ ನಿಲ್ಸಿ!"

ಅರವತ್ತು ಮಿಷನ್ ಒಟ್ಟಿಗೇ ನಿಂತವು. ಕಣ್ಣಮ್ಮ ನಿಧಾನವಾಗಿ ಬಂದು ಸ್ಯಾಂಪಲ್ ತೋರಿಸಿದಳು. "ಡಿಸೈನೇ ಇದು ಸಾರ್. ನೀವೇ ಸೈನ್ ಹಾಕಿದ್ದೀರಿ." ಮೂಲೆಯಲ್ಲಿದ್ದ ಹೈಕೆ ಕೈಗಡಿಯಾರ ನೋಡಿಕೊಂಡಳು.

ಐದೂಕಾಲಿಗೆ ಮೊದಲಾಳಿಯ ರೂಮಿನಲ್ಲಿ ಅಭಿನಯಾ ರಿಪೋರ್ಟ್ ಓದಿದಳು. "ನೂರಕ್ಕೆ ತೊಂಬತ್ತಾರು! 'ಅತ್ಯುತ್ತಮ ಆಡಳಿತ. ಮ್ಯಾನೇಜರ್ ಇಲ್ಲದೆಯೂ ಕೆಲಸ ಸರಾಗವಾಗಿ ನಡೆಯುತ್ತದೆ. ದಿನದಲ್ಲಿ ಒಂದೇ ಸಲ, ಹನ್ನೊಂದು ನಿಮಿಷ ನಿಂತಿತು. ಅದು ಮ್ಯಾನೇಜರ್ ಒಳಗೆ ಬಂದಾಗ.'"

ನವನೀತನ್ ಕಣ್ಣಲ್ಲಿ ಕುರ್ಚಿ ಹೊಳೆಯಿತು. ಮೊದಲಾಳಿ ಎದ್ದು ಅವನ ಬೆನ್ನು ತಟ್ಟಿದರು.

"ಭಲೇ ನವನೀತಾ! ನನ್ ಕಣ್ಣು ತೆರೆಸ್ಬಿಟ್ಟೆ. ಮ್ಯಾನೇಜರ್ ಇಲ್ದೇನೇ ತೊಂಬತ್ತಾರು ಅಂದ್ಮೇಲೆ ಹೊಸ ಯೂನಿಟ್‌ಗೆ ಜನರಲ್ ಮ್ಯಾನೇಜರ್ ಯಾಕೆ? ಆ ರೂಮಲ್ಲಿ ಸ್ಯಾಂಪಲ್ ಪೆಟ್ಟಿ ಇಡಾಣ."

ಹೈಕೆ ಫೋನ್‌ಗಳನ್ನು ವಾಪಸು ಕೊಟ್ಟಳು. ಹತ್ತೊಂಬತ್ತು ಮಿಸ್ಡ್ ಕಾಲ್, ಹತ್ತೊಂಬತ್ತೂ ಗೋಕಿಲಾಳದ್ದೇ. ಫ್ಯಾಕ್ಟರಿಯಿಂದ ಒಂದೂ ಇರಲಿಲ್ಲ.

ನವನೀತನ್ ಫೋನ್‌ಗಳನ್ನು ಜೇಬಿಗೆ ಹಾಕಿಕೊಂಡ. ಕುರ್ಚಿಯಂತೂ ಹೋಯಿತು, ನಾಳೆ ಒಂದು ದಿನ ಹೊದ್ದು ಮಲಗುವುದಾದರೂ ಸಿಗಲಿ. "ಸೆರಿ ಮೊದಲಾಳಿ. ನಾನಿಲ್ದೇನೂ ನಡೆಯುತ್ತಲ್ಲ, ನಾಳೆ ಒಂದು ದಿನ ರಜೆ ತಗೊಳ್ಲಾ?"

ಮೊದಲಾಳಿಯ ನಗು ನಿಂತುಹೋಯಿತು.

"ರಜೆನಾ? ಏನ್ ಮಾತಾಡ್ತಿದ್ದೀ ನೀನು? ನೀನಿಲ್ಲಾಂದ್ರೆ ಫ್ಯಾಕ್ಟರಿ ಹೆಂಗಪ್ಪಾ ಓಡುತ್ತೆ?"