ಅಕ್ಕ ಗೆದ್ದ ಬಿಂಗೊ

ಮಂಡಿ ಆಪರೇಷನ್ ಆದ ಡಾಕ್ಟರನ್ನು ಸುಮ್ಮನೆ ಕೂರಿಸುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಆಯುಷ್ಯವಿಡೀ ಬೇರೆಯವರಿಗೆ "ರೆಸ್ಟ್ ತಗೊಳ್ಳಿ" ಎಂದವರಿಗೆ ಅದನ್ನು ತಗೊಳ್ಳುವುದು ಹೇಗೆಂದು ಮಾತ್ರ ಗೊತ್ತಿರುವುದಿಲ್ಲ. ನನ್ನ ಅಕ್ಕ ವಿಮಲಾ ಧಾರವಾಡದಿಂದ ಬಂದು, ಇಲ್ಲಿ ಇಂಗ್ಲಿಷರ ನಾಡಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಾಗಿದ್ದು ನಿವೃತ್ತಳಾದವಳು. ರೇನರ್ಸ್ ಲೇನಿನ ಫ್ಲ್ಯಾಟಿನಲ್ಲಿ ಸೋಫಾದ ಮೇಲೆ ಕಾಲು ಚಾಚಿ ಕೂತು, ಹೊತ್ತು ಹೋಗದೆ ಫೋನಿನಲ್ಲಿ ದುಡ್ಡು ಕಟ್ಟಿ ಬಿಂಗೊ, ಅಂದರೆ ನಮ್ಮ ಹೌಸಿ, ಆಡತೊಡಗಿದಳು. ಆಡಿದ್ದಷ್ಟೇ ಅಲ್ಲ, ಗೆದ್ದಳು. ತೊಂದರೆ ಶುರುವಾದದ್ದೇ ಅಲ್ಲಿಂದ.

ಗೆದ್ದದ್ದನ್ನು ಬ್ಯಾಂಕಿಗೆ ಹಾಕಿ ಎಂದರೆ ಬಿಂಗೊ ಆಡಿಸುವ ಕಂಪನಿ ಒಪ್ಪಲಿಲ್ಲ. ನಿಮಗೆ ಬೋನಸ್ ಕೊಟ್ಟಿದ್ದೇವೆ, ಅದರ ಹಲವು ಪಟ್ಟು ಪಣ ಕಟ್ಟಿ ಆಡಿದ ಮೇಲೆಯೇ ದುಡ್ಡು ಕೈಗೆ ಬರುತ್ತದೆ ಎಂದಿತು. ಅಕ್ಕ ಬೋನಸ್ ಕೇಳಿರಲಿಲ್ಲ; ಪರದೆಯ ಮೇಲೆ 'ಬೇಕು' ಎಂಬ ಚೌಕಕ್ಕೆ ಕಂಪನಿಯೇ ಮೊದಲೇ ಟಿಕ್ ಹಾಕಿಟ್ಟಿತ್ತು, ಷರತ್ತು ಇನ್ನೆಲ್ಲೋ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು.

"ಹೋಗ್ಲಿ ಬಿಡಕ್ಕಾ, ಒಂದು ಸೀರಿ ರೊಕ್ಕ," ಎಂದೆ.

"ರೊಕ್ಕದ ಮಾತಲ್ಲೋ. ಆ ಪಣ ಆಡಿ ತೀರಿಸಿಬಿಡೋಣ ಅಂತ ನಿನ್ನೆ ನನ್ನ ಕೈ ತಾನಾಗೇ ಫೋನಿಗೆ ಹೋತು. ನನಗ ಹಿಂಗಾದ್ರ ಉಳದವರ ಗತಿ ಏನು? ನಾ ಬಿಡಂಗಿಲ್ಲ." ಎನ್ನುತ್ತ ಅಕ್ಕ ಫೋನನ್ನು ನನ್ನ ಕೈಗೆ ತುರುಕಿದಳು.

ಅಂದಿನಿಂದ ನಾನು ಸ್ಟ್ಯಾನ್ಮೋರಿನ ನನ್ನ ಮನೆಯಿಂದ ಕಾರು ಓಡಿಸಿಕೊಂಡು ಬಂದು ಅವಳ ಗುಮಾಸ್ತನಾದೆ. ಕಂಪನಿಯ ಚಾಟ್‌ನಲ್ಲಿ ಒಬ್ಬ ಹುಡುಗ ಸಿಕ್ಕ. "ನಿಮ್ಮವ್ವಗೂ ಹಿಂಗ ಮಾಡ್ತೀಯೇನಪಾ ಅಂತ ಕೇಳು," ಎಂದಳು. ಇಂಗ್ಲಿಷಿನಲ್ಲಿ ಕೇಳಿದೆ. 'ಒಳ್ಳೆಯ ಪ್ರಶ್ನೆ' ಎಂಬ ಉತ್ತರದ ಜೊತೆ ಇನ್ನೊಂದು ಬೋನಸ್ ಬಂತು. ಅದು ಹುಡುಗನಲ್ಲ, ಯಂತ್ರ ಎಂದು ಹೊಳೆದದ್ದು ಆಗ. ಜೂಜಿನ ಕಂಪನಿಯ ಷರತ್ತುಗಳು ನ್ಯಾಯವಾಗಿರಬೇಕು, ಆಡುವ ಮೊದಲೇ ಕಣ್ಣಿಗೆ ಬೀಳಬೇಕು ಎಂಬ ನಿಯಮ ಈ ದೇಶದಲ್ಲಿದೆ. ಅಕ್ಕ ಅದನ್ನು ಹಿಡಿದು ಮೊದಲು ಕಂಪನಿಗೇ ದೂರು ಕೊಟ್ಟಳು. ಕಂಪನಿ ತಳ್ಳಿಹಾಕಿತು. ಇಂಥ ಜಗಳ ಬಿಡಿಸಲು ಕಂಪನಿಗೆ ಸೇರದ ಮಧ್ಯಸ್ಥರಿದ್ದಾರೆ, ಆಟಗಾರರಿಂದ ಶುಲ್ಕ ಕೇಳುವುದಿಲ್ಲ. ಅವರ ಬಳಿ ಹೋದಳು. ಅವಳು ಊರುಗೋಲು ಬಿಟ್ಟು ನಡೆಯುವ ಹೊತ್ತಿಗೆ ತೀರ್ಪು ಬಂತು: ಷರತ್ತು ಸ್ಪಷ್ಟವಾಗಿರಲಿಲ್ಲ, ಗೆದ್ದದ್ದನ್ನು ಕೊಡಿ. ದುಡ್ಡು ಬಂದ ದಿನವೇ ಅಕ್ಕ, ದೇಶದ ಯಾವ ಜೂಜಿನ ಜಾಲತಾಣವೂ ತನ್ನನ್ನು ಒಳಗೆ ಬಿಡದಂತೆ ತನ್ನ ಹೆಸರಿಗೆ ತಾನೇ ತಡೆ ಹಾಕಿಸಿಕೊಂಡಳು.

ಇಲ್ಲಿನ ಕನ್ನಡಿಗರ ಯುಗಾದಿ ಕೂಟದಲ್ಲಿ ಮೈಕ್ ಹಿಡಿದು ಎಲ್ಲರಿಗೂ ಈ ನಿಯಮ ಬಿಡಿಸಿ ಹೇಳಿದಳು. ತನ್ನದೇ ಕಥೆ ಎನ್ನಲು ಸಂಕೋಚವಾಗಿ, "ನಮ್ಮ ಮನ್ಯಾಗ ಒಬ್ಬರಿಗೆ ಹಿಂಗಾಗಿತ್ತು," ಎಂದಷ್ಟೇ ಅಂದಳು. ಊಟದ ಹೊತ್ತಿಗೆ ಮೈಸೂರಿನ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಈಗ ಜೂಜು ಪೂರ್ತಿ ಬಿಟ್ಟಿದ್ದೀರಾ?" ಎಂದು ಮೆಲ್ಲಗೆ ಕೇಳಿದರು. ಅಕ್ಕನ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದಳು.

"ಬಿಟ್ಟಿದ್ದೀನಿ ಸರ್," ಎಂದೆ.