ಹೆಬ್ಬೆಟ್ಟು ಒತ್ತುವ ಮುಂಚೆ ಮೂರು ಪ್ರಶ್ನೆ

ಔಷಧ ಪ್ರಯೋಗದ ಕೆಲಸಕ್ಕೆ ಜನರನ್ನು ತಯಾರು ಮಾಡುವವಳಿಗೆ ನಗು ಬರದ ದಿನವಿಲ್ಲ, ಕೋಪ ಬರದ ದಿನವೂ ಇಲ್ಲ. ಇಪ್ಪತ್ತು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದ ನನಗಂತೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಹೊಸ ಬಿಪಿ ಮಾತ್ರೆಯೊಂದು ಅಂಗಡಿಗೆ ಬರುವ ಮುಂಚೆ, ಒಪ್ಪಿಗೆ ಕೊಟ್ಟ ಜನರಿಗೆ ಅದನ್ನು ಕೊಟ್ಟು ಪರೀಕ್ಷಿಸಬೇಕಿತ್ತು. ಅದಕ್ಕಾಗಿ ಚನ್ನಗಿರಿ, ಹೊನ್ನಾಳಿ, ಜಗಳೂರು, ನ್ಯಾಮತಿಗೆ ಒಬ್ಬೊಬ್ಬರಂತೆ ನಾಲ್ವರು ನರ್ಸ್‌ಗಳನ್ನು ನನ್ನ ಕೈಗೆ ಒಪ್ಪಿಸಿದರು. ತಪಾಸಣೆಯ ಸಾಹೇಬರು, "ಮೂರು ತಿಂಗಳಾದ ಮೇಲೆ ಬಂದು ನೋಡ್ತೀನಿ. ಸರಿಯಿದ್ದರೆ ಇವರೇ ಮುಂದುವರಿಯಲಿ. ಇಲ್ಲದಿದ್ದರೆ ಬೇರೆ ಕಡೆಯಿಂದ ಕಲಿತವರನ್ನ ಕಳಿಸ್ತೀವಿ" ಎಂದರು.

ಕಲಿತವರಂತೆ! ನಮ್ಮವರೇನು ಕಲಿಯಲಾರರೇ? ನನಗೆ ಹಟ ಬಂತು, ಜೊತೆಗೆ ಎಲ್ಲಿಲ್ಲದ ಹುರುಪೂ ಬಂತು. ನಾಲ್ವರನ್ನೂ ಕೂರಿಸಿಕೊಂಡು, "ಕಂಡದ್ದನ್ನ ಕಂಡ ಹಾಗೆ ಬರೀರಿ. ತಪ್ಪಾದರೆ ಮುಚ್ಚಿಡಬೇಡಿ, ಅದನ್ನೂ ಬರೀರಿ" ಎಂದು ಮೊದಲ ದಿನವೇ ತಾಕೀತು ಮಾಡಿದೆ.

ಬೀಗರು ಬರುವ ದಿನ

ಮಾತ್ರೆ ತೆಗೆದುಕೊಂಡವರಿಗೆಲ್ಲ ಒಂದು ಡೈರಿ ಕೊಟ್ಟಿದ್ದೆವು. ದಿನಾ ಮಾತ್ರೆ ನುಂಗಿದ ಮೇಲೆ ಒಂದು ಗುರುತು ಹಾಕಬೇಕು, ಏನಾದರೂ ತೊಂದರೆ ಕಂಡರೆ ಬರೆಯಬೇಕು, ಅಷ್ಟೇ.

ಚನ್ನಗಿರಿಯ ನರ್ಸ್ ಮೊದಲ ವಾರವೇ ಒಬ್ಬ ಅಡಿಕೆ ವ್ಯಾಪಾರಿಯನ್ನು ಡೈರಿ ಸಮೇತ ನನ್ನೆದುರು ತಂದು ನಿಲ್ಲಿಸಿದಳು. ಪುಣ್ಯಾತ್ಮರು ಇಡೀ ತಿಂಗಳನ್ನೇ ತುಂಬಿಬಿಟ್ಟಿದ್ದರು!

"ಇದೇನ್ರಿ ಯಜಮಾನ್ರೆ, ಇನ್ನೂ ಬರದಿರೋ ದಿನಕ್ಕೂ ಗುರುತು ಹಾಕಿದೀರಿ?"

"ಕೆಲ್ಸ ಬಾಕಿ ಇಡಾಕೆ ನಂಗೆ ಆಗಂಗಿಲ್ರಿ ಮೇಡಂ. ಸೀಜನ್ ಶುರುವಾದ್ರೆ ಪುರಸೊತ್ತು ಎಲ್ಲೈತೆ?"

ಪುಟ ತಿರುಗಿಸಿದೆ. ಇಪ್ಪತ್ತೆರಡನೇ ತಾರೀಕಿಗೆ "ವಿಪರೀತ ತಲೆನೋವು" ಎಂದಿತ್ತು.

"ಮುಂದಿನ ವಾರದ ತಲೆನೋವು ಇವತ್ತೇ ನಿಮಗೆ ಹೆಂಗೆ ಗೊತ್ತಾಯ್ತು?"

"ಅವತ್ತು ನಮ್ಮ ಬೀಗರು ಬರ್ತಾರ್ರಿ!"

ಹೊಸ ಡೈರಿ ಕೊಟ್ಟು ಕಳಿಸಿದೆವು. ಇಪ್ಪತ್ತೆರಡಕ್ಕೆ ನರ್ಸ್ ಫೋನ್ ಮಾಡಿ ವಿಚಾರಿಸಿದಳು. ನಿಜವಾಗಿಯೂ ತಲೆನೋವು ಬಂದಿತ್ತು.

ಖಾಲಿ ಡಬ್ಬಿ

ತಿಂಗಳ ಕೊನೆಗೆ ಮಾತ್ರೆಯ ಡಬ್ಬಿ ವಾಪಸ್ ತರಬೇಕು, ಉಳಿದ ಮಾತ್ರೆ ಎಣಿಸಿ ಬರೆದುಕೊಳ್ಳಬೇಕು. ಹೊನ್ನಾಳಿಯ ನರ್ಸ್ ಇದನ್ನು ಚೆನ್ನಾಗಿಯೇ ಹೇಳಿದ್ದಳು. ಒಬ್ಬ ಹೆಂಗಸು ಸರಿಯಾದ ದಿನಕ್ಕೆ, ಸರಿಯಾದ ಹೊತ್ತಿಗೆ ಡಬ್ಬಿ ತಂದುಕೊಟ್ಟರು. ಮುಚ್ಚಳ ತೆಗೆದರೆ ಒಳಗೆ ಕಂಠದತನಕ ಶೇಂಗಾ ಚಟ್ನಿಪುಡಿ.

"ಇದ್ಯಾಕಕ್ಕಾ?"

"ಅಯ್ಯೋ, ಒಬ್ಬರ ಮನೆ ಡಬ್ಬೀನ ಖಾಲಿ ವಾಪಸ್ ಕೊಡಾಕಾಗ್ತದೇನವ್ವಾ? ಏನಂದುಕೊಂಡಾರು!"

"ಉಳಿದ ಮಾತ್ರೆ?"

"ಅದ್ರಾಗೇ ಅದಾವೆ ನೋಡು, ತಳದಾಗೆ."

ಸಂಜೆ ನಾನು ರಿಜಿಸ್ಟರ್ ತೆರೆದೆ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದವಳು ನಾನೇ ತಾನೇ? ನರ್ಸಿನ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಮರಳಿ ಬಂದ ಮಾತ್ರೆ, ಆರು. ಮರಳಿ ಬಂದ ಚಟ್ನಿಪುಡಿ, ಒಂದು ಡಬ್ಬಿ. ಉಪ್ಪು ಕಮ್ಮಿ. ಬಿಪಿ ಪಥ್ಯ ಪಾಲಿಸುತ್ತಿದ್ದಾರೆ."

ಒಂದು ತಟ್ಟೆ ಉಪ್ಪಿಟ್ಟು

ಜಗಳೂರಿನ ನರ್ಸ್ ಚುರುಕು. ಬೆಳಗ್ಗೆ ಮೊದಲ ಬಸ್ಸಿಗೇ ಹಳ್ಳಿಗೆ ಹೋಗಿ ಖಾಲಿ ಹೊಟ್ಟೆಯ ರಕ್ತ ತರುವವಳು. ಆದರೆ ಒಂದು ಮನೆಯ ಯಜಮಾನರ ರಕ್ತದ ಸಕ್ಕರೆ ಮಾತ್ರ ಎರಡು ಸಲವೂ ಏರಿಯೇ ಇತ್ತು.

"ಅವರು ತಿಂದಿದ್ದರೇನೇ?" ಎಂದು ಗದರಿದೆ.

"ನಾನು ಹೋಗೋತನಕ ನೀರು ಬಿಟ್ರೆ ಏನೂ ಮುಟ್ಟಿರಲಿಲ್ಲ ಮೇಡಂ, ದೇವ್ರಾಣೆ!"

"ನೀನು ಹೋದ ಮೇಲೆ?"

ಹುಡುಗಿ ತಲೆ ತಗ್ಗಿಸಿದಳು. "ಅಷ್ಟು ದೂರದಿಂದ ಬಂದೀಯ ಅಂತ ಉಪ್ಪಿಟ್ಟು ಕೊಟ್ರು. ಬ್ಯಾಡ ಅಂದ್ರೆ ಬೇಜಾರಾಗ್ತಾರೆ. ಮನೆಗೆ ಬಂದೋರನ್ನ ಒಬ್ಬರನ್ನೇ ಉಣ್ಣಾಕೆ ಬಿಡ್ತಾರೇನ್ರಿ? ಅವರೂ ಜತೆಗೆ ಕೂತ್ರು."

ಎರಡೂ ರಿಪೋರ್ಟಿನ ಮೇಲೆ ಆದದ್ದನ್ನು ಹಾಗೇ ಬರೆಸಿ, ಹೊಸ ನಿಯಮ ಮಾಡಿದೆ: ಮೊದಲು ರಕ್ತ, ಆಮೇಲೆ ಉಪ್ಪಿಟ್ಟು. ಮುಂದಿನ ಸಲ ಸಕ್ಕರೆ ಸರಿಯಾಗಿ ಬಂತು. ಹುಡುಗಿ ಮಾತ್ರ ಸಪ್ಪಗಿದ್ದಳು. ಈ ಸಲ ಅವಳು ರಕ್ತದ ಸೀಸೆಗೆ ಚೀಟಿ ಅಂಟಿಸುವಷ್ಟರಲ್ಲಿ ಹಸಿದ ಯಜಮಾನರು ಪೂರ್ತಿ ಉಪ್ಪಿಟ್ಟು ಮುಗಿಸಿಬಿಟ್ಟಿದ್ದರಂತೆ.

ಸಾಹೇಬರು ಬಂದರು

ನನಗೆ ನಿಜವಾದ ದಿಗಿಲು ಇದ್ದದ್ದು ನ್ಯಾಮತಿಯ ಬಗ್ಗೆ. ಪ್ರಯೋಗಕ್ಕೆ ಸೇರುವವರು ಎಲ್ಲವನ್ನೂ ತಿಳಿದುಕೊಂಡೇ ಒಪ್ಪಿಗೆ ಕೊಡಬೇಕು. ಅಲ್ಲಿಯ ಒಬ್ಬ ಅಜ್ಜಿಯಾದರೋ, ನರ್ಸ್ ಕುರ್ಚಿಯಲ್ಲಿ ಕೂರುವ ಮೊದಲೇ ಎಡಗೈ ಚಾಚಿ, "ಎಲ್ಲಿ ಒತ್ತಬೇಕು ಹೇಳವ್ವಾ" ಎಂದಿದ್ದರು. ಪಿಂಚಣಿಗೆ, ಪಡಿತರಕ್ಕೆ, ಎಲ್ಲದಕ್ಕೂ ಒತ್ತಿ ಒತ್ತಿ ರೂಢಿಯಾದ ಹೆಬ್ಬೆಟ್ಟು!

ನಾನು ಕಡ್ಡಿ ಮುರಿದಂತೆ ಹೇಳಿದೆ. "ಅಜ್ಜಿ ತಾವೇ ಪ್ರಶ್ನೆ ಕೇಳೋತನಕ ಹೆಬ್ಬೆಟ್ಟು ಮುಟ್ಟಬೇಡ."

ನರ್ಸ್ ಮೂರು ದಿನ ಅವರ ಮನೆಗೆ ಓಡಾಡಿದಳು. "ಯಾರೇ ಕಾಗದ ಹಿಡ್ಕೊಂಡು ಬರ್ಲಿ ಅಜ್ಜಿ, ಮೂರು ಪ್ರಶ್ನೆ ಕೇಳಬೇಕು. ನೀವು ಯಾರು? ಇದನ್ನ ತಗೊಂಡು ಏನು ಮಾಡ್ತೀರಿ? ಬ್ಯಾಡ ಅನಿಸಿದ್ರೆ ನಾನು ಬಿಟ್ಟು ಹೋಗಬಹುದಾ? ಈ ಪ್ರಯೋಗದಿಂದ್ಲೂ ನೀವು ಯಾವಾಗ ಬೇಕಾದ್ರೂ ಹೋಗಬಹುದು, ಯಾರೂ ಕಾರಣ ಕೇಳಂಗಿಲ್ಲ. ಹೋದ್ರೂ ನಿಮ್ಮ ಚಿಕಿತ್ಸೆ ನಿಲ್ಲಂಗಿಲ್ಲ." ಮೂರನೇ ದಿನ ಅಜ್ಜಿ ಎಲ್ಲವನ್ನೂ ತಿರುಗಿ ಒಪ್ಪಿಸಿದರು. ಆಮೇಲೆಯೇ ಹೆಬ್ಬೆಟ್ಟು ಬಿತ್ತು.

ಮೂರು ತಿಂಗಳಿಗೆ ಸಾಹೇಬರು ನ್ಯಾಮತಿಯ ಆಸ್ಪತ್ರೆಗೇ ಬಂದರು; ನಾಲ್ವರು ನರ್ಸ್‌ಗಳನ್ನೂ ಅಲ್ಲಿಗೇ ಕರೆಸಿದ್ದೆ. ಡೈರಿ ನೋಡಿದರು, ಚಟ್ನಿಪುಡಿಯ ರಿಜಿಸ್ಟರ್ ಓದಿದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ನಾಲ್ವರೂ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕೊನೆಗೆ, ಮಾತ್ರೆಗೆಂದು ಬಂದಿದ್ದ ಆ ಅಜ್ಜಿಯನ್ನೇ ಕರೆದು ಪೆನ್ನು ತೆಗೆದರು.

"ಅಜ್ಜಿ, ನಿಮ್ಮನ್ನ ಒಂದೆರಡು ಮಾತು ಕೇಳ್ತೀನಿ."

ಅಜ್ಜಿ ಸೆರಗು ಸರಿಮಾಡಿಕೊಂಡರು. "ನೀವು ಯಾರು?"

ಸಾಹೇಬರು ಹೇಳಿದರು.

"ನನ್ನ ಮಾತು ಬರ್ಕೊಂಡು ಏನು ಮಾಡ್ತೀರಿ?"

ಅದನ್ನೂ ಹೇಳಿದರು.

"ಬ್ಯಾಡ ಅನಿಸಿದ್ರೆ ನಾನು ಬಿಟ್ಟು ಹೋಗಬಹುದಾ?"

"ಹೋಗಬಹುದು ಅಜ್ಜಿ, ಖಂಡಿತ."

"ಹಂಗಾದ್ರೆ ಹೊಂಟೆ. ಬಸ್ಸು ಬರೋ ಹೊತ್ತಾತು." ಅಜ್ಜಿ ಎದ್ದೇಬಿಟ್ಟರು.

"ಅಲ್ಲ, ಕೇಳೋದೇ ಬೇಡ ಅನ್ನೋದಕ್ಕೆ ಏನು..."

"ಕಾರಣ ಕೇಳಂಗಿಲ್ಲ!"

ಎಲ್ಲ ಮುಗಿಯಿತು ಎಂದುಕೊಂಡೆ. ಸಾಹೇಬರು ತಪಾಸಣೆಯ ಪುಸ್ತಕ ಎಳೆದುಕೊಂಡರು. ಆಮೇಲೆ ತಗ್ಗಿ ನಿಧಾನವಾಗಿ ಬರೆದರು: "ಒಪ್ಪಿಗೆ ಪಡೆಯುವ ಕೆಲಸ ಬಹಳ ಚೆನ್ನಾಗಿದೆ. ಈ ನಾಲ್ವರೇ ಮುಂದುವರಿಯಲಿ." ನಮ್ಮ ಹುಡುಗಿಯರು ಕಿರುಚಿದ್ದು ಬೀದಿಗೂ ಕೇಳಿಸಿರಬೇಕು. ನಾನಂತೂ ಕೋಪದವಳು ಎಂಬುದನ್ನೇ ಮರೆತು ನಾಲ್ವರನ್ನೂ ತಬ್ಬಿಕೊಂಡೆ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅಜ್ಜಿ ಗದ್ದಲ ಕೇಳಿ ತಿರುಗಿದರು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕು ನಕ್ಕು ನೀರು ಬಂದದ್ದು ಎಂದು ಅಜ್ಜಿಗೆ ಹೇಗೆ ಗೊತ್ತಾಗಬೇಕು? ಪಾಪ ಅನಿಸಿತೇನೋ, ಮೆಲ್ಲಗೆ ಸಮಾಧಾನ ಹೇಳಿದರು.

"ಅಳಬ್ಯಾಡ್ರಿ ಸಾಹೇಬ್ರೆ. ನಾನು ಬಿಟ್ಟು ಹೋದ್ರೂ ನಿಮ್ಮ ಚಿಕಿತ್ಸೆ ನಿಲ್ಲಂಗಿಲ್ಲ!"