ಘಮ್ ಅಂದ ಕೂಡಲೆ ಇಳಸ್ರಿ

ತಲೆಗೆ ಒಮ್ಮೆ ಪೆಟ್ಟು ಬಿದ್ದವನಿಗೆ ಫಜೀತಿಗಳು ಬೆನ್ನು ಹತ್ತಿ ಬರುತ್ತಲೇ ಇರುತ್ತವೆ. ಅದರಲ್ಲಿ ಅರ್ಧ ನಾನೇ ಕರೆದು ತಂದವು ಅನ್ನುವುದು ಬೇರೆ ಮಾತು.

ಯಲಬುರ್ಗಾ ದಾರಿಯಲ್ಲಿ ಚಕ್ಕಡಿ ಮಗುಚಿ ನನ್ನ ತಲೆ ಬಂಡೆಗೆ ಬಡಿಯಿತು. ಎದುರಿಗೆ ಚಿರತೆ ಬಂದಿತ್ತು ಅಂತ ನಾನು ಹೇಳುತ್ತೇನೆ. ನಾನು ನಿದ್ದೆ ಹೋಗಿದ್ದೆ ಅಂತ ಹೆಂಡತಿ ಹೇಳುತ್ತಾಳೆ. ಹಕೀಮರ ಪಡಸಾಲೆಯಲ್ಲಿ ಎಚ್ಚರಾದಾಗ ಎಡಗೈ ನಡುಗುತ್ತಿತ್ತು, ಗುರುತಿನವರ ಹೆಸರು ಹಾರಿಹೋಗಿದ್ದವು, ಮೂಗು ವಾಸನೆ ಹಿಡಿಯುವುದನ್ನೇ ಬಿಟ್ಟಿತ್ತು. ಕೈಯ ಸಂಗತಿ, ಹೆಸರಿನ ಸಂಗತಿ ಊರಿಗೆಲ್ಲ ಹೇಳಿ ನಗಿಸಿದೆ. ಮೂಗಿನದು ಮಾತ್ರ ಯಾಕೋ ಬಾಯಿಗೆ ಬರಲಿಲ್ಲ.

ಸಂತೆಯ ಅಕ್ಕಾರು

ಕೊಪ್ಪಳದ ಸಂತೆಯಲ್ಲಿ ಒಬ್ಬಾಕೆ ಬದನೆಕಾಯಿ ಆರಿಸುತ್ತಿದ್ದಳು. ಮುಖ ಎಲ್ಲೋ ನೋಡಿದಂತಿತ್ತು. ಮರ್ಯಾದೆಯಿಂದ, "ಆರಾಮ ಇದ್ದೀರೇನ್ರಿ ಅಕ್ಕಾರ? ಮನಿಯಾಗ ಯಜಮಾನರು ಹೆಂಗದಾರ?" ಎಂದೆ.

ಆಕೆ ಚೀಲವನ್ನು ನನ್ನ ಕೈಗೆ ತುರುಕಿದಳು. "ಯಜಮಾನರಿಗೆ ಹುಚ್ಚ ಹಿಡದೈತ್ರಿ. ಇದನ್ನ ಹೊತಗೊಂಡು ನನ್ನ ಹಿಂದ ಬರಾಕ ಹೇಳ್ರಿ."

ನನ್ನ ಹೆಂಡತಿ! ಅದು ಮರೆವೋ ಚೇಷ್ಟೆಯೋ ಅಂತ ಇವತ್ತಿಗೂ ಕೇಳುತ್ತಾಳೆ.

ಸುಟ್ಟ ಬದನೆಕಾಯಿ

ಆ ಸಂಜೆ ಆಕೆ ಬದನೆಕಾಯಿ ಸುಡಲು ಒಲೆ ಹೊತ್ತಿಸಿದಳು. ಮೊದಲಾದರೆ ಆ ವಾಸನೆಗೆ ನಾನು ಓಣಿಯ ತುದಿಯಿಂದ ಓಡಿ ಬರುತ್ತಿದ್ದೆ. ಈಗ ಅಂಗಳದಲ್ಲಿ ಸುಮ್ಮನೆ ಕೂತಿದ್ದೆ. ಆಕೆಯ ತಲೆಯ ಎಣ್ಣೆ, ಎಮ್ಮೆಯ ಕರು, ಹಳೆಯ ಕೌದಿ, ಯಾವುದಕ್ಕೂ ವಾಸನೆಯಿಲ್ಲ. ಮನೆಯಲ್ಲೇ ಕೂತು ಮನೆಯ ನೆನಪಾಗುತ್ತಿತ್ತು.

"ಹೆಂಗ ಘಮ್ ಅಂತೈತಿ ನೋಡ್ರಿ!" ಒಳಗಿನಿಂದ ಕೂಗಿದಳು.

ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದು, "ಆಹಾಹಾ!" ಎಂದೆ.

"ಇನ್ನಾ ಕೆಂಡದ ಮ್ಯಾಲೆ ಇಟ್ಟೇ ಇಲ್ಲ."

ಗುರೆಳ್ಳು (ಬೇಕಂತಲೇ ಸುಟ್ಟದ್ದು ಅಂತ ನಾನು ಹೇಳುತ್ತೇನೆ)

ಕುಷ್ಟಗಿಯ ಪೈಲ್ವಾನ ನನ್ನ ಹಳೆಯ ಗೆಳೆಯ. ಕುಸ್ತಿಯಲ್ಲಿ ತಲೆಗೆ ಏಟಾಗಿ ಅವನ ಒಂದು ಕಡೆಯ ಕೈಕಾಲು ಸೋತವು. ಮಂದಿ ನೋಡುತ್ತಾರೆಂದು ಒಳಕೋಣೆ ಬಿಟ್ಟು ಬರುತ್ತಿರಲಿಲ್ಲ. ಅವನ ಹೆಂಡತಿ ನನ್ನನ್ನು ಕರೆಸಿದಳು. "ಅಣ್ಣಾರ, ನಿಮ್ಮ ತಲಿನೂ ಒಡದೈತಿ, ಆದ್ರೂ ನಕ್ಕೋತ ಅಡ್ಡಾಡ್ತೀರಿ. ಇವರಿಗೂ ನಾಕು ಮಾತು ಹೇಳ್ರಿ. ಹಿಂಗಾದ್ರ ಮನಷಾ ಉಳ್ಯಂಗಿಲ್ಲ."

"ಹೋದದ್ದು ಹೋತು. ಮಂದಿಗಂಜಿ ಮುಚ್ಚಿಟಗೊಂಡು ಕುಂದರಬ್ಯಾಡೋ" ಎಂದು ಅವನಿಗೆ ಹೇಳಿದೆ. ಅವನು ಗೋಡೆಯ ಕಡೆ ಹೊರಳಿದ.

ಆಕೆ ಚಟ್ನಿಪುಡಿಗೆಂದು ಹಂಚಿನ ಮೇಲೆ ಗುರೆಳ್ಳು ಹಾಕಿ, ಕೊಡ ಎತ್ತಿಕೊಂಡಳು. "ನೀರು ತರ್ತೀನ್ರಿ ಅಣ್ಣಾರ. ಒಂದೀಟು ಕೈಯಾಡಸ್ರಿ. ಘಮ್ ಅಂದ ಕೂಡಲೆ ಇಳಸ್ರಿ."

ಅಷ್ಟು ಬುದ್ಧಿ ಹೇಳಿದ ಬಾಯಿಂದ "ನನಗ ವಾಸನಿ ಬರಂಗಿಲ್ಲ" ಅನ್ನುವುದು ಹೇಗೆ? ಗುರೆಳ್ಳು ಮೊದಲೇ ಕಪ್ಪು, ಹುರಿದದ್ದು ನೋಡಿದರೆ ತಿಳಿಯುವುದಿಲ್ಲ. ಕೈಯಾಡಿಸುತ್ತ ಕಾದೆ. ಘಮ್ ಬರಲೇ ಇಲ್ಲ.

"ಏ, ಸೀಯಾಕತ್ತೈತಿ!" ಒಳಗಿನಿಂದ ಪೈಲ್ವಾನ.

"ಇಲ್ಲ, ಇನ್ನಾ ಹಸಿ ಐತಿ."

"ಮನಿ ಸುಡತೀಯೇನಲೇ!"

ಗೋಡೆ ಹಿಡಿದು, ಕಾಲೆಳೆಯುತ್ತ ಬಂದೇಬಿಟ್ಟ. ಕಟ್ಟಿಗೆಯಿಂದ ಹಂಚು ಕೆಡವಿದ. "ಮೂಗಿಲ್ಲೇನಲೇ ನಿನಗ?"

"ಐತಿ, ಬರೇ ಚಂದಕ್ಕ. ತಲಿ ಒಡದಾಗಿಂದ ವಾಸನಿ ಇಲ್ಲ."

"ಮತ್ತ ಹೇಳಬಾರದೇನು?"

"ಮಂದಿ ನಗತಾರಲ್ಲೋ."

ಅವನು ನನ್ನನ್ನೇ ನೋಡಿದ. ಆಮೇಲೆ ನಕ್ಕ, ನಕ್ಕು ನಕ್ಕು ಒಲೆಯ ಮುಂದೆ ಕುಸಿದು ಕೂತ. ನಾನು ಹಂಚನ್ನು ಮತ್ತೆ ಒಲೆಗಿಟ್ಟೆ. ಅವನು ಒಳ್ಳೆಯ ಕೈಯಿಂದ ಇನ್ನೊಂದು ಹಿಡಿ ಗುರೆಳ್ಳು ಹಾಕಿದ.

"ಘಮ್ ಅಂದ್ರ ಹೆಂಗಿರ್ತಿತ್ತೋ? ನನಗ ಮರತೇ ಹೋಗೈತಿ" ಎಂದೆ.

ಅವನು ಕಣ್ಣು ಮುಚ್ಚಿದ. "ಸಣ್ಣವರಿದ್ದಾಗ ಆಡಿ ಮನಿಗೆ ಬಂದ್ರ, ಅವ್ವ ಒಳಗದಾಳ ಅಂತ ಹೊಸ್ತಲದಾಗ ಗೊತ್ತಾಗ್ತಿತ್ತಲ್ಲ, ಹಂಗ."

ನಾನೂ ಕಣ್ಣು ಮುಚ್ಚಿಕೊಂಡೆ. ಹಂಚು ಇಬ್ಬರಿಗೂ ಮರೆತೇಹೋಯಿತು.

ಅವನ ಹೆಂಡತಿ ಕೊಡ ಹೊತ್ತು ಬಂದಳು. ಗಂಡ ಒಲೆಯ ಮುಂದೆ! ಆಕೆಯ ಕಣ್ಣು ತುಂಬುವಷ್ಟರಲ್ಲಿ ನೆಲಕ್ಕೆ ಚೆಲ್ಲಿದ ಕರಕಲು, ಹಂಚಿನ ಮೇಲಿನ ಹೊಗೆ ಎರಡೂ ಕಂಡವು. "ಎರಡು ಸಲ ಸುಟ್ಟೀರೇನ್ರಿ?"

"ಮೊದಲನೇದ್ದು ಮೂಗಿಲ್ಲಂತ ಇವ ಸುಟ್ಟ" ಎಂದ ಪೈಲ್ವಾನ.

"ಎರಡನೇದ್ದು?"

"ಮೂಗೈತಂತ ನಾ ಸುಟ್ಟೆ."

ಆಕೆ ಒಲೆಯ ಊದುಗೊಳವೆ ಎತ್ತಿಕೊಂಡು ಇಬ್ಬರನ್ನೂ ಅಟ್ಟಿದಳು. ಬೀದಿಯ ಕಟ್ಟೆಯ ಮೇಲೆ ಹೋಗಿ ಕೂತೆವು. ದಾರಿಹೋಕನೊಬ್ಬ ನಿಂತು ನೋಡಿದ. "ಏನ್ ಪೈಲ್ವಾನ್ರ, ಭಾಳ ದಿನಕ್ಕ ಹೊರಗ ಬಂದೀರಿ?"

ಪೈಲ್ವಾನ ಎದೆಯುಬ್ಬಿಸಿ ಹೇಳಿದ: "ಬಂದಿಲ್ರಿ. ಹೇಣ್ತಿ ಹೊರಗ ಹಾಕ್ಯಾಳ."